ಹಾಜರಿ ಪುಸ್ತಕದಲ್ಲಿ ಉಳಿದ ಸೈನ್ಯ: ಇರಾಕ್ 2003–2017, ಒಂದು ಪ್ರಕರಣ ಅಧ್ಯಯನ

ಬೆಳಗಿನ ಐದೂವರೆಗೆ ಅಂತರಗಂಗೆ ಬೆಟ್ಟ ಇನ್ನೂ ಕಪ್ಪಗೇ ಇರುತ್ತದೆ. ಟೊಮೆಟೊ ಕ್ರೇಟು ಹೇರಿಕೊಂಡ ಟೆಂಪೋಗಳು ಕೋಲಾರದ ಎಪಿಎಂಸಿ ಕಡೆಗೆ ಸಾಲುಗಟ್ಟುವ ಹೊತ್ತಿಗೆ ನಮ್ಮ ಹುಡುಗರು ಓಟ ಶುರು ಮಾಡಿರುತ್ತಾರೆ. ಇಪ್ಪತ್ತೆಂಟು ವರ್ಷ ನಮ್ಮ ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು, ಸುಬೇದಾರನಾಗಿ ನಿವೃತ್ತಿ ಪಡೆದು ಊರಿಗೆ ಬಂದ ಮೇಲೆ ನಾನು ಹಿಡಿದಿರುವ ಕೆಲಸ ಇದೊಂದೇ. ಅಗ್ನಿವೀರ್ ಭರ್ತಿಗೆ ಹೋಗುವ ಮಕ್ಕಳನ್ನು ತಯಾರು ಮಾಡುವುದು. ವಾರದಲ್ಲಿ ಆರು ದಿನ 1,600 ಮೀಟರ್ ಓಟ, ಬೀಮ್, ಹಳ್ಳ ಜಿಗಿತ, ಆಮೇಲೆ ಲೆಕ್ಕ ಮತ್ತು ಸಾಮಾನ್ಯ ಜ್ಞಾನ. ಭಾನುವಾರ ಮಾತ್ರ ಓಟ ಮುಗಿಸಿ ಹೊಂಗೆ ಮರದ ಕೆಳಗೆ ಕೂರುತ್ತೇವೆ. ಯಾವುದಾದರೂ ಒಂದು ಸೈನ್ಯವನ್ನು, ಒಂದು ಯುದ್ಧವನ್ನು ಹಿಡಿದು ಬಿಡಿಸಿ ನೋಡುತ್ತೇವೆ. ಸೇರುವವರಿಗೆ ತಾವು ಸೇರುತ್ತಿರುವುದು ಎಂಥದ್ದು ಅಂತ ಗೊತ್ತಿರಬೇಕು, ಅದಕ್ಕೆ.

ಇಲ್ಲಿ ಬರೆದಿರುವುದು ಅಂಥ ನಾಲ್ಕು ಭಾನುವಾರಗಳ ವಿಷಯ. ಮಕ್ಕಳ ಮುಂದೆ ಮೊದಲ ದಿನ ನಾನು ಇಟ್ಟ ಪ್ರಶ್ನೆ ಹೀಗಿತ್ತು: ಒಂದು ದೇಶ. ಅದರೊಳಗೆ ಮೂರು ದೊಡ್ಡ ಪಂಗಡ, ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲ. ಹೊರಗಿನಿಂದ ಬಂದು ನೀವು ಯುದ್ಧ ಗೆದ್ದಿದ್ದೀರಿ. ಸೋತ ಸೈನ್ಯದ ಸುಮಾರು 3,85,000 ಜನ ಸಮವಸ್ತ್ರ ಬಿಚ್ಚಿ ಮನೆಗೆ ಹೋಗಿದ್ದಾರೆ, ಎಷ್ಟೋ ಜನ ಬಂದೂಕನ್ನೂ ಜೊತೆಗೆ ಒಯ್ದಿದ್ದಾರೆ. ಈಗ ನೀವು ಮಾಡುವ ಮೊದಲ ಕೆಲಸ ಏನು?

ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಮೊದ್ಲು ಸಂಬ್ಳ ಕೊಡ್ತೀನಿ ಬನ್ನಿ ಅಂತ ಟಾಂ ಟಾಂ ಹೊಡಿಸ್ತೀನಿ. ಬಂದೋರ್ನ ಎಣಿಸ್ಕೊಂತೀನಿ. ಆಮೇಲೆ ಯಾರು ಬೇಕು ಯಾರು ಬ್ಯಾಡ ಅಂತ ನೋಡಾಣ" ಅಂದ. ಹತ್ತೊಂಬತ್ತು ವರ್ಷದ ಹುಡುಗ. ಮನೆಯವರಿಗೆ ಮಾವಿನ ತೋಪಿದೆ, ಕೊಯ್ಲಿಗೆ ಆಳು ಕೂಡಿಸಿ ಗೊತ್ತು ಅವನಿಗೆ. ಸದ್ದಾಮ್ ಹುಸೇನನನ್ನು ಕೆಡವಿ 2003ರ ಮೇ ತಿಂಗಳಲ್ಲಿ ಇರಾಕಿನ ರಾಜಧಾನಿ ಬಾಗ್ದಾದಿನಲ್ಲಿ ಕೂತ ಅಮೆರಿಕದವರು ಇದನ್ನು ಮಾಡಲಿಲ್ಲ.

ಇದ್ದ ಸೈನ್ಯ ಎಂಥದ್ದು

ಇರಾಕಿನ ಸೈನ್ಯ ಹುಟ್ಟಿದ್ದು 1921ರ ಜನವರಿ 6ರಂದು. ಆ ದೇಶದ ಮೊದಲ ರಾಜ ಫೈಸಲ್ ಪಟ್ಟಕ್ಕೆ ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಎಂದರೆ ರಾಜನಿಗಿಂತ ಸೈನ್ಯವೇ ಏಳೆಂಟು ತಿಂಗಳು ಹಿರಿದು. ಮೊದಲ ಬೆಟಾಲಿಯನ್ನಿಗೆ ಇಟ್ಟ ಹೆಸರು ಮೂಸಾ ಅಲ್ ಕಾಜಿಮ್. ಅವರು ಷಿಯಾಗಳ ಏಳನೆಯ ಇಮಾಮರು. ಆದರೆ ಅಧಿಕಾರಿಗಳಲ್ಲಿ ಹೆಚ್ಚಿನವರು ತುರ್ಕಿ ಸೈನ್ಯದಲ್ಲಿ ಪಳಗಿ ಬಂದ ಸುನ್ನಿಗಳು. ಹೆಸರು ಒಬ್ಬರದು, ಹುದ್ದೆ ಇನ್ನೊಬ್ಬರದು ಎನ್ನುವ ಈ ಏರ್ಪಾಡು ಎಂಬತ್ತು ವರ್ಷ ಹೆಚ್ಚೂಕಡಿಮೆ ಹಾಗೇ ನಡೆಯಿತು. ಮೇಲೆ ಸುನ್ನಿ ಅಧಿಕಾರಿಗಳು, ಕೆಳಗೆ ಕಡ್ಡಾಯ ಭರ್ತಿಯಲ್ಲಿ ಬಂದ ಷಿಯಾ ರೈತರ ಮಕ್ಕಳು.

ಆದರೂ ಅದು ಒಂದು ಸೈನ್ಯವಾಗಿತ್ತು. 1980ರಿಂದ 1988ರವರೆಗೆ ಷಿಯಾ ಬಹುಸಂಖ್ಯಾತ ಇರಾನಿನ ವಿರುದ್ಧ ಎಂಟು ವರ್ಷ ಕಂದಕದಲ್ಲಿ ನಿಂತವರಲ್ಲಿ ಹೆಚ್ಚಿನವರು ಇರಾಕಿನ ಷಿಯಾಗಳೇ. ಅವರು ಗುಂಪು ಗುಂಪಾಗಿ ಆ ಕಡೆಗೆ ಹೋಗಿ ಸೇರಿಕೊಳ್ಳಲಿಲ್ಲ. ಮತ ಬೇರೆ, ದೇಶ ಬೇರೆ ಎಂಬ ಅರಿವು ಆ ಕಂದಕಗಳಲ್ಲಿ ಇತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಅದೇ ಸೈನ್ಯದ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಲೇಬೇಕಾಯಿತು. 1988ರ ಮಾರ್ಚ್ 16ರಂದು ಆ ದೇಶದ ಮೂರನೆಯ ಪಂಗಡವಾದ ಕುರ್ದರ ಹಲಬ್ಜಾ ಎಂಬ ಪಟ್ಟಣದ ಮೇಲೆ ವಿಷಾನಿಲ ಸುರಿಯಲಾಯಿತು, ಸುಮಾರು 5,000 ಜನ ಸತ್ತರು. 1991ರಲ್ಲಿ ಕುವೈತಿನಿಂದ ಸೋತು ಬಂದ ಮೇಲೆ ದಕ್ಷಿಣದ ಷಿಯಾ ಊರುಗಳು ದಂಗೆ ಎದ್ದಾಗ ಅವನ್ನು ತುಳಿದದ್ದೂ ಸದ್ದಾಮನ ರಿಪಬ್ಲಿಕನ್ ಗಾರ್ಡ್. ಹಾಗಾಗಿ 2003ರಲ್ಲಿ ಒಬ್ಬ ಕುರ್ದ್ ತಾಯಿಗೆ, ಬಸ್ರಾದ ಒಬ್ಬ ಷಿಯಾ ಮುದುಕನಿಗೆ "ಹಳೆ ಸೈನ್ಯವನ್ನೇ ಮತ್ತೆ ಕರೆಸುತ್ತೇವೆ" ಅಂದರೆ ಎದೆ ಧಸಕ್ಕೆನ್ನುವುದು ಸಹಜ. ಸೈನ್ಯವನ್ನು ವಿಸರ್ಜಿಸಿದವರ ಪಕ್ಷದಲ್ಲಿರುವ ಗಟ್ಟಿಯಾದ ವಾದ ಇದು. ಅದನ್ನು ಮರೆಮಾಚಿ ಪಾಠ ಮಾಡಿದರೆ ಮಕ್ಕಳಿಗೆ ಮೋಸ ಮಾಡಿದಂತೆ.

ಮೇ 23

ಇರಾಕಿನ ಆಡಳಿತ ನಡೆಸಲು ಅಮೆರಿಕ ಕಳಿಸಿದ ಪಾಲ್ ಬ್ರೆಮರ್ ಬಾಗ್ದಾದಿಗೆ ಬಂದಿಳಿದದ್ದು 2003ರ ಮೇ 12ರಂದು. ಮೇ 16ಕ್ಕೆ ಒಂದನೆಯ ಆದೇಶ: ಸದ್ದಾಮನ ಬಾತ್ ಪಕ್ಷದ ಮೇಲಿನ ನಾಲ್ಕು ಹಂತದವರು ಸರ್ಕಾರಿ ಕೆಲಸದಿಂದ ಹೊರಕ್ಕೆ. ಮೇ 23ಕ್ಕೆ ಎರಡನೆಯ ಆದೇಶ: ರಕ್ಷಣಾ ಇಲಾಖೆ, ಭೂಸೇನೆ, ವಾಯುಸೇನೆ, ನೌಕಾಪಡೆ, ರಿಪಬ್ಲಿಕನ್ ಗಾರ್ಡ್, ಗುಪ್ತಚರ ಸಂಸ್ಥೆಗಳು ಎಲ್ಲವೂ ವಿಸರ್ಜನೆ. ಬಂದ ಹನ್ನೊಂದು ದಿನಕ್ಕೆ.

ಅವನಿಗಿಂತ ಮುಂಚೆ ಅಲ್ಲಿ ಉಸ್ತುವಾರಿಯಲ್ಲಿದ್ದ ಜೇ ಗಾರ್ನರ್ ಎಂಬ ನಿವೃತ್ತ ಜನರಲ್ ಬೇರೆಯೇ ಲೆಕ್ಕ ಹಾಕಿದ್ದ. ಹಳೆಯ ಸೈನಿಕರನ್ನು ವಾಪಸು ಕರೆದು ರಸ್ತೆ, ಸೇತುವೆ, ಕಾವಲು ಕೆಲಸಕ್ಕೆ ಹಚ್ಚುವುದು, ಸಂಬಳ ಕೊಡುವುದು, ನಿಧಾನವಾಗಿ ಜರಡಿ ಹಿಡಿಯುವುದು. ಶ್ರೀನಿವಾಸಪುರದ ಹುಡುಗ ಹೇಳಿದ್ದೂ ಇದನ್ನೇ.

ಬ್ರೆಮರ್ ಕಡೆಯವರ ಉತ್ತರ: ಸೈನ್ಯ ತಾನಾಗೇ ಕರಗಿಹೋಗಿತ್ತು, ಬ್ಯಾರಕ್ಕುಗಳನ್ನು ಕಿಟಕಿ ಬಾಗಿಲು ಬಿಡದಂತೆ ದೋಚಿದ್ದರು, ಕರೆಸಿದರೆ ಕೂರಿಸಲು ಜಾಗವೂ ಇರಲಿಲ್ಲ. ಅದೂ ನಿಜವೇ. ಆದರೆ ಸೈನಿಕ ಮನೆಗೆ ಹೋಗುವುದು ಬೇರೆ, "ನೀನು ಇನ್ನು ಸೈನಿಕನಲ್ಲ" ಅಂತ ಕಾಗದ ಹೊರಡಿಸುವುದು ಬೇರೆ. ಯುದ್ಧ ಸೋತು ಮನೆಗೆ ಹೋದವನು ಮುಂದಿನ ತಿಂಗಳ ಸಂಬಳಕ್ಕೆ ಕಾಯುತ್ತಿರುತ್ತಾನೆ. ಆ ಆದೇಶದಲ್ಲಿ ಇನ್ನೊಂದು ಷರತ್ತಿತ್ತು: ಕರ್ನಲ್ ಮತ್ತು ಅದಕ್ಕಿಂತ ಮೇಲಿನ ಹುದ್ದೆಯವರೆಲ್ಲ ಬಾತ್ ಪಕ್ಷದ ಹಿರಿಯ ಸದಸ್ಯರೆಂದೇ ಎಣಿಸಿ ಅವರಿಗೆ ಯಾವ ಸೌಲಭ್ಯವೂ ಇಲ್ಲ. ಮೂವತ್ತು ವರ್ಷ ಸೇವೆ ಮಾಡಿದ, ಇರಾನ್ ಯುದ್ಧದಲ್ಲಿ ಗುಂಡು ತಿಂದ ಇಂಜಿನಿಯರ್ ಕರ್ನಲ್ಲೂ ಅದರಲ್ಲಿ ಬಂದ, ಜೈಲಿನಲ್ಲಿ ಜನರನ್ನು ಹಿಂಸಿಸಿದವನೂ ಬಂದ. ತಾನು ನಿರಪರಾಧಿ ಎಂದು ತೋರಿಸಬೇಕಾದ ಹೊಣೆ ಅವನ ತಲೆಗೇ.

ಇದನ್ನು ಹೇಳುತ್ತಿದ್ದಾಗ ಕೆಜಿಎಫ್‌ನಿಂದ ಬರುವ ಹುಡುಗ ತಲೆ ಎತ್ತಿದ. ಸಾಮಾನ್ಯವಾಗಿ ಮಾತಾಡುವವನಲ್ಲ. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಅಳೆದು ತೂಗಿದ ಕನ್ನಡ. ಅವನ ತಾತ ಚಿನ್ನದ ಗಣಿಯಲ್ಲಿ ಇಳಿಯುತ್ತಿದ್ದವರು. "2001ರಲ್ಲಿ ಗಣಿ ಮುಚ್ಚಿದ್ರಲ್ಲ ಸಾರ್, ಫೆಬ್ರವರಿ 28. ತಾತ ಆಮೇಲೂ ಬೆಳಿಗ್ಗೆ ನಾಲ್ಕಕ್ಕೇ ಏಳ್ತಿದ್ರಂತೆ. ಡಬ್ಬಿ ತೊಳ್ಕೊಂಡು ಬಾಗ್ಲಲ್ಲಿ ಕೂರೋರಂತೆ. ದುಡ್ಡಿಗಿಂತ ಜಾಸ್ತಿ, ಯಾರಾದ್ರೂ ಕೇಳಿದ್ರೆ ತಾನು ಏನು ಅಂತ ಹೇಳ್ಕೊಳೋದಕ್ಕೆ ಇರ್ಲಿಲ್ಲ ಅಂತಾರೆ ಅಪ್ಪ."

ಹೊಂಗೆ ಮರದ ಕೆಳಗೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಗಣಿ ಮುಚ್ಚಿದ ಆ ಊರಿನ ಜನ ಇವತ್ತಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಂಪನಿ ಕೆಲಸಕ್ಕೆ ಹೋಗುತ್ತಾರೆ. ಬಾಗ್ದಾದಿನ ಸೈನಿಕನಿಗೆ ಹತ್ತಲು ಅಂಥ ರೈಲು ಇರಲಿಲ್ಲ. ಅವನ ಅಟ್ಟದ ಮೇಲೆ ಬಂದೂಕಿತ್ತು, ಮದ್ದುಗುಂಡಿನ ಉಗ್ರಾಣ ಎಲ್ಲೆಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು.

ಜೂನ್ 18ರಂದು ಬಾಗ್ದಾದಿನಲ್ಲಿ ಸಂಬಳ ಕೇಳಿ ಮೆರವಣಿಗೆ ಬಂದ ಮಾಜಿ ಸೈನಿಕರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಐದು ದಿನ ಕಳೆದು ಜೂನ್ 23ಕ್ಕೆ ಮಾಸಾಶನದ ಘೋಷಣೆ ಬಂತು: ತಿಂಗಳಿಗೆ 50ರಿಂದ 150 ಡಾಲರ್. ಕೊಡುವುದೇ ಆಗಿದ್ದರೆ ಒಂದು ತಿಂಗಳ ಹಿಂದೆ, ಆದೇಶದ ಜೊತೆಗೇ ಕೊಡಬಹುದಿತ್ತು. ಆ ಒಂದು ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ಎಂಥೆಂಥ ಮಾತುಕತೆ ನಡೆದಿರಬಹುದು ಎಂದು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದೆ ಐಸಿಸ್ ಎಂದು ಹೆಸರಾದ ಸಂಘಟನೆಯ ಬೆನ್ನೆಲುಬು ಕಟ್ಟಿದ ಹಾಜಿ ಬಕ್ರ್ ಹಳೆಯ ಇರಾಕಿ ಸೈನ್ಯದ ಕರ್ನಲ್. 2014ರಲ್ಲಿ ಉತ್ತರದ ಮೊಸುಲ್ ನಗರದ ಮೇಲೆ ಐಸಿಸ್ ಮಾಡಿದ ದಾಳಿಯ ಯೋಜನೆ ಹೆಣೆದ ಅಲ್ ಬಿಲಾವಿ ಅದೇ ಸೈನ್ಯದ ಹಳೆಯ ಅಧಿಕಾರಿ. ಕೆಲಸ ಕಳೆದುಕೊಂಡವರೆಲ್ಲ ಅಲ್ಲಿಗೆ ಹೋದರು ಎನ್ನುವುದು ತಪ್ಪು. ಲಕ್ಷಗಟ್ಟಲೆ ಜನ ಟ್ಯಾಕ್ಸಿ ಓಡಿಸಿದರು, ಅಂಗಡಿ ಇಟ್ಟರು, ಹೊಲಕ್ಕೆ ಹೋದರು. ಆದರೆ ಒಂದು ಬಂಡಾಯಕ್ಕೆ ಲಕ್ಷ ಜನ ಬೇಕಿಲ್ಲ. ನಕ್ಷೆ ಓದಬಲ್ಲ, ಸರಬರಾಜು ನಡೆಸಬಲ್ಲ ಕೆಲವು ನೂರು ಜನ ಸಾಕು.

ನಮ್ಮ ದೇಶದ ನೆನಪೂ ಇಲ್ಲಿ ಬಂತು. 1947ರಲ್ಲಿ ಭಾರತದ ಸೈನ್ಯವನ್ನು ಎರಡು ದೇಶಕ್ಕೆ ಹಂಚಿದರು, ಹೆಚ್ಚೂಕಡಿಮೆ ಎರಡಕ್ಕೆ ಒಂದು ಪಾಲು. ಪಂಜಾಬಿನ ರೆಜಿಮೆಂಟುಗಳಲ್ಲಿ ಒಂದೇ ಬೆಟಾಲಿಯನ್ನಿನ ಮುಸ್ಲಿಂ ಕಂಪನಿಗಳು ಆ ಕಡೆಗೆ, ಸಿಖ್ ಮತ್ತು ಡೋಗ್ರಾ ಕಂಪನಿಗಳು ಈ ಕಡೆಗೆ. ಹೊರಗೆ ರಕ್ತ ಹರಿಯುತ್ತಿದ್ದಾಗ ನಡೆದ ಕೆಲಸ ಅದು. ಅಲ್ಲಿ ಹಂಚಿದರು, ವಿಸರ್ಜಿಸಲಿಲ್ಲ. ಪ್ರತಿಯೊಬ್ಬ ಸಿಪಾಯಿಗೂ ಮಾರನೆಯ ದಿನ ಹಾಜರಿ ಹೇಳಲು ಒಂದು ಪಲ್ಟನ್ ಇತ್ತು.

ಒಪ್ಪದ ಬೆಟಾಲಿಯನ್, ನಿಂತ ಬೆಟಾಲಿಯನ್

ಹೊಸ ಸೈನ್ಯದ ಮೊದಲ ಬೆಟಾಲಿಯನ್ ಕಿರ್ಕುಷ್ ಎಂಬಲ್ಲಿ ತರಬೇತಿ ಮುಗಿಸಿದ್ದು 2003ರ ಅಕ್ಟೋಬರಿನಲ್ಲಿ. ಸುಮಾರು 700 ಜನ. ಡಿಸೆಂಬರ್ ಹೊತ್ತಿಗೆ ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಿಟ್ಟು ಹೋಗಿದ್ದರು. ಮುಖ್ಯ ಕಾರಣ ಸಂಬಳ ಸಾಲದು ಎಂಬುದು.

2004ರ ಏಪ್ರಿಲಿನಲ್ಲಿ ಎರಡನೆಯ ಬೆಟಾಲಿಯನ್ನನ್ನು, ಅಮೆರಿಕದ ಪಡೆಗಳು ಬಂಡಾಯಗಾರರೊಂದಿಗೆ ಕಾದಾಡುತ್ತಿದ್ದ ಫಲ್ಲೂಜಾ ನಗರಕ್ಕೆ ಹೊರಡಲು ಹೇಳಿದರು. ಅವರು ಹೋಗಲಿಲ್ಲ. ನಾವು ಸೇರಿದ್ದು ದೇಶದ ಗಡಿ ಕಾಯಲು, ಇರಾಕಿಗಳ ಮೇಲೆ ಗುಂಡು ಹಾರಿಸಲು ಅಲ್ಲ ಎಂಬುದು ಅವರ ಮಾತು. ಇದನ್ನು ಹೇಡಿತನ ಎಂದು ನಾನು ಕರೆಯಲಾರೆ. ಭರ್ತಿ ಮಾಡುವಾಗ ಕೊಟ್ಟ ಮಾತು ಒಂದು, ಹಾಕಿದ ಕೆಲಸ ಇನ್ನೊಂದು. ಹಾಗಾದಾಗ ಯಾವ ಸೈನಿಕನ ಮನಸ್ಸೂ ಹಿಂಜರಿಯುತ್ತದೆ.

ಆ ದಿನಗಳಲ್ಲೇ ಇನ್ನೊಂದು ಬೆಟಾಲಿಯನ್ ಹಿಂಜರಿಯದೆ ಫಲ್ಲೂಜಾದಲ್ಲಿ ನಿಂತು ಹೋರಾಡಿತು. 36ನೆಯದು. ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಆ ಬೆಟಾಲಿಯನ್ ಮಾಡಿದ್ದು ಐದು ರಾಜಕೀಯ ಪಕ್ಷಗಳ ಸಶಸ್ತ್ರ ಗುಂಪುಗಳಿಂದ ಜನ ತೆಗೆದು: ಎರಡು ಕುರ್ದ್ ಪಕ್ಷ, ಒಂದು ಷಿಯಾ ಧಾರ್ಮಿಕ ಪಕ್ಷ, ದೇಶದ ಹೊರಗಿದ್ದು ಬಂದ ಇನ್ನೆರಡು. ಕಾಗದದ ಮೇಲೆ ನೋಡಿದರೆ ಮೊದಲ ವಾರವೇ ಒಬ್ಬರನ್ನೊಬ್ಬರು ಕೊಲ್ಲಬೇಕಿತ್ತು. ಆದರೆ ಅವರನ್ನು ಪಂಗಡಕ್ಕೊಂದು ಕಂಪನಿ ಎಂದು ಬೇರೆ ಬೇರೆ ಇಡಲಿಲ್ಲ, ಕೆಳಗಿನ ಹಂತದವರೆಗೂ ಬೆರೆಸಿದರು. ಜೊತೆಗೆ ಅಮೆರಿಕದ ವಿಶೇಷ ಪಡೆಯ ತರಬೇತುದಾರರು ಅವರೊಂದಿಗೇ ಉಂಡು, ಮಲಗಿ, ಕಾರ್ಯಾಚರಣೆಗೂ ಜೊತೆಗೇ ಹೋದರು.

ಸೈನ್ಯದಲ್ಲಿ ಇರದವರಿಗೆ ಇದರ ಮಹತ್ವ ಪೂರ್ತಿ ತಿಳಿಯದಿರಬಹುದು. ನಮ್ಮ ಕಾಲಾಳು ಪಡೆಯಲ್ಲಿ ಒಂದು ಸೆಕ್ಷನ್ ಎಂದರೆ ಹತ್ತು ಜನ. ಸಿಪಾಯಿಯ ಇಡೀ ಪ್ರಪಂಚ ಆ ಹತ್ತು ಜನವೇ. ರಾತ್ರಿ ಕಾವಲಿನಲ್ಲಿ ನಿನ್ನ ಬೆನ್ನಿಗಿರುವವನು ಯಾರು, ನಿನ್ನ ಊಟದ ತಟ್ಟೆ ತೆಗೆದಿಟ್ಟವನು ಯಾರು, ನಿನ್ನ ರಜೆಯ ಅರ್ಜಿಗೆ ಹವಲ್ದಾರನ ಬಳಿ ಮಾತಾಡಿದವನು ಯಾರು ಎನ್ನುವುದರಲ್ಲೇ ನಂಬಿಕೆ ಹುಟ್ಟುತ್ತದೆ, ಅಲ್ಲೇ ಸಾಯುತ್ತದೆ. ನಾನು ಇದ್ದ ಕಡೆ ತಮಿಳರು, ಮಲಯಾಳಿಗಳು, ತೆಲುಗರು, ನಾವು ಕನ್ನಡಿಗರು ಎಲ್ಲರೂ ಇದ್ದೆವು, ಎಲ್ಲರಿಗೂ ಹೆಸರು ಒಂದೇ: ತಂಬಿ. ದೇವರ ಮನೆಯೂ ಒಂದೇ ಸೂರಿನಡಿ, ಸರ್ವಧರ್ಮ ಸ್ಥಳ ಅಂತ. ಕಮಾಂಡಿಂಗ್ ಆಫೀಸರ್ ಯಾವ ಧರ್ಮದವರೇ ಆಗಲಿ, ಸಿಪಾಯಿಗಳ ಹಬ್ಬಕ್ಕೆ ಬಂದು ಮುಂದೆ ಕೂರಲೇಬೇಕು. ನಮ್ಮಲ್ಲಿ ಜಗಳವೇ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಜಗಳ ಒಬ್ಬ ತಂಬಿಗೂ ಇನ್ನೊಬ್ಬ ತಂಬಿಗೂ ಆಗುತ್ತಿತ್ತು, ಎರಡು ಗುಂಪಿಗೆ ಆಗುತ್ತಿರಲಿಲ್ಲ.

ಲೆಬನಾನ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿತು. 1976ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ಆ ಸೈನ್ಯ ಮತದ ಗೆರೆಯ ಮೇಲೆ ಸೀಳಿಹೋಗಿತ್ತು. ಅಂತರ್ಯುದ್ಧ ಮುಗಿದ 1990ರ ನಂತರ ಎಮಿಲ್ ಲಹೂದ್ ಎಂಬ ಸೇನಾಪತಿ ಒಂದೇ ಪಂಗಡದ ಬ್ರಿಗೇಡುಗಳನ್ನು ಒಡೆದು ಬೆರೆಸಿದ, ತುಕಡಿಗಳನ್ನು ಊರಿಂದೂರಿಗೆ ತಿರುಗಿಸಿದ. 2007ರಲ್ಲಿ ನಹರ್ ಅಲ್ ಬಾರಿದ್ ಎಂಬ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರದಲ್ಲಿ ಮೂರು ತಿಂಗಳ ಕಾಳಗ ನಡೆದು ನೂರೈವತ್ತಕ್ಕೂ ಹೆಚ್ಚು ಸೈನಿಕರು ಸತ್ತರೂ ಸೈನ್ಯ ಒಡೆಯಲಿಲ್ಲ. ದೇಶದ ರಾಜಕೀಯ ಇನ್ನೂ ಒಡೆದೇ ಇತ್ತು, ಸೈನ್ಯ ಒಡೆದಿರಲಿಲ್ಲ.

ಇರಾಕಿನಲ್ಲಿ 36ನೆಯ ಬೆಟಾಲಿಯನ್ನಿನ ಬೀಜದಿಂದ ಭಯೋತ್ಪಾದನಾ ನಿಗ್ರಹ ಪಡೆ ಬೆಳೆಯಿತು. ಉಳಿದ ಸೈನ್ಯವನ್ನು ಆ ರೀತಿ ಕಟ್ಟಲು ವ್ಯವಧಾನ ಇರಲಿಲ್ಲ. ವಾಷಿಂಗ್ಟನ್ನಿಗೆ ತೋರಿಸಬೇಕಾದ್ದು ಅಂಕಿ: ಈ ತಿಂಗಳು ಇಷ್ಟು ಸಾವಿರ ಜನ ತಯಾರು, ಮುಂದಿನ ತಿಂಗಳು ಇನ್ನಷ್ಟು. ಎಷ್ಟು ಬೇಗ ಸಂಖ್ಯೆ ಏರುತ್ತದೋ ಅಷ್ಟು ಬೇಗ ತಮ್ಮವರು ಮನೆಗೆ. ಅವಸರದಲ್ಲಿ ಸ್ಥಳೀಯವಾಗಿ ಭರ್ತಿಯಾದ ತುಕಡಿಗಳು ಆ ಸ್ಥಳದ ಪಂಗಡದವೇ ಆದವು. 2006ರ ಫೆಬ್ರವರಿ 22ರಂದು ಸಮಾರ್ರಾದ ಷಿಯಾ ದರ್ಗಾವನ್ನು ಸ್ಫೋಟಿಸಿದ ಮೇಲೆ ದೇಶ ಅಂತರ್ಯುದ್ಧಕ್ಕೆ ಬಿದ್ದಾಗ ರಾಷ್ಟ್ರೀಯ ಪೊಲೀಸರ ಎಷ್ಟೋ ತುಕಡಿಗಳು ಸಮವಸ್ತ್ರದಲ್ಲಿದ್ದ ಪಕ್ಷದ ಪಡೆಗಳಂತೆ ನಡೆದುಕೊಂಡವು.

ಉಳಿಸದ ಮಾತು

2006ರ ಸೆಪ್ಟೆಂಬರಿನಲ್ಲಿ ಅನ್ಬಾರ್ ಪ್ರಾಂತದ ಸುನ್ನಿ ಬುಡಕಟ್ಟುಗಳು ಅಲ್ ಕಾಯಿದಾ ವಿರುದ್ಧ ತಿರುಗಿ ಬಿದ್ದವು. ಸಹ್ವಾ, ಎಂದರೆ ಎಚ್ಚರಗೊಳ್ಳುವಿಕೆ. 2008ರ ಹೊತ್ತಿಗೆ ಈ ಕಾವಲು ಪಡೆಗಳಲ್ಲಿ ಸುಮಾರು ಒಂದು ಲಕ್ಷ ಜನ, ತಿಂಗಳಿಗೆ 300 ಡಾಲರ್ ಆಸುಪಾಸು ಸಂಬಳ. ಹಳೆಯ ಸೈನ್ಯದಿಂದ ಹೊರಬಿದ್ದವರೂ ಇದರಲ್ಲಿದ್ದರು. ಐದು ವರ್ಷ ಹಿಂದೆ ಬೇಡವೆಂದು ದಬ್ಬಿದ್ದವರನ್ನೇ ಸರಿಯಾಗಿ ಮಾತಾಡಿಸಿದಾಗ ದೇಶ ಒಂದು ಮಟ್ಟಕ್ಕೆ ಶಾಂತವಾಯಿತು.

ಅವರಲ್ಲಿ ಶೇ. 20 ಮಂದಿಯನ್ನು ಸೈನ್ಯ ಮತ್ತು ಪೊಲೀಸಿಗೆ, ಉಳಿದವರನ್ನು ಸರ್ಕಾರದ ಇತರ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಮಾತಾಗಿತ್ತು. 2008ರ ಅಕ್ಟೋಬರಿನಿಂದ ಸಂಬಳದ ಹೊಣೆ ಬಾಗ್ದಾದಿನ ಸರ್ಕಾರಕ್ಕೆ ಬಂತು. ಸಂಬಳ ತಡವಾಗತೊಡಗಿತು, ಸೇರ್ಪಡೆ ಎಳೆದಾಡಿತು, ಕೆಲವು ಮುಖಂಡರ ಬಂಧನವಾಯಿತು. ಮಾತು ಅರ್ಧಕ್ಕೇ ನಿಂತಿತು.

ಪ್ರಧಾನಿ ನೂರಿ ಅಲ್ ಮಾಲಿಕಿಯ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. ಸೈನ್ಯ ದಂಗೆ ಎದ್ದು ಸರ್ಕಾರ ಕೆಡವಿದ ಇತಿಹಾಸ ಆ ದೇಶಕ್ಕೆ 1936ರಿಂದಲೂ ಇದೆ. ಆದರೆ ಆ ಭಯಕ್ಕೆ ಅವರು ಕಂಡುಕೊಂಡ ಔಷಧಿ ರೋಗಕ್ಕಿಂತ ಕೆಟ್ಟದಾಯಿತು. ತನ್ನ ಕಚೇರಿಯಿಂದಲೇ ಸೈನ್ಯಕ್ಕೆ ಅಪ್ಪಣೆ ಹೋಗುವಂತೆ ಮಾಡಿಕೊಂಡರು. 2010ರ ಚುನಾವಣೆಯ ನಂತರ ರಕ್ಷಣೆ ಮತ್ತು ಗೃಹ ಎರಡೂ ಖಾತೆಗಳನ್ನು ಕೈಯಲ್ಲೇ ಇಟ್ಟುಕೊಂಡರು. ಪ್ರಾಂತಗಳಲ್ಲಿ ಕಾರ್ಯಾಚರಣಾ ಕಮಾಂಡುಗಳು ಎದ್ದವು, ಅವುಗಳ ತಲೆಗೆ ನಂಬಿಗಸ್ತರು ಬಂದರು. ಬಡ್ತಿಗೆ ಬೇಕಾದ್ದು ಸಾಮರ್ಥ್ಯಕ್ಕಿಂತ ನಿಷ್ಠೆ. ಹುದ್ದೆಗಳು ದುಡ್ಡಿಗೆ ಬಿಕರಿಯಾಗುತ್ತಿವೆ ಎಂಬ ಆರೋಪ ಬಾಗ್ದಾದಿನಲ್ಲಿ ಬಾಯಿಂದ ಬಾಯಿಗೆ ಹಬ್ಬಿತ್ತು. 2011ರ ಡಿಸೆಂಬರ್ 18ಕ್ಕೆ ಅಮೆರಿಕದ ಕೊನೆಯ ತುಕಡಿ ಹೊರಟಿತು. ಮರುದಿನವೇ ಸುನ್ನಿ ಉಪರಾಷ್ಟ್ರಾಧ್ಯಕ್ಷ ತಾರಿಕ್ ಅಲ್ ಹಾಶಿಮಿ ಅವರ ಮೇಲೆ ಬಂಧನದ ವಾರಂಟ್ ಬಂತು. 2013ರ ಏಪ್ರಿಲಿನಲ್ಲಿ ಹವೀಜಾದ ಪ್ರತಿಭಟನಾ ಶಿಬಿರದ ಮೇಲೆ ಸೈನ್ಯ ಎರಗಿ ಹತ್ತಾರು ಜನ ಸತ್ತರು. ಸುನ್ನಿ ಊರುಗಳ ಕಣ್ಣಿಗೆ ಆ ಸೈನ್ಯ ಅಂದಿನಿಂದ ಪರರ ಸೈನ್ಯ.

ಪೇ ಪರೇಡ್

ಮೊಸುಲ್ ವಿಷಯಕ್ಕೆ ಬರುವ ಮುಂಚೆ ಮಕ್ಕಳಿಗೆ ನಾನು ಹಳೆಯ ಕಾಲದ ಪೇ ಪರೇಡ್ ಮಾಡಿ ತೋರಿಸಿದೆ. ನಾನು ಸೇರಿದಾಗ ಸಂಬಳ ಬ್ಯಾಂಕಿಗೆ ಬರುತ್ತಿರಲಿಲ್ಲ. ತಿಂಗಳ ಕೊನೆಗೆ ಕಂಬಳಿ ಹೊದಿಸಿದ ಮೇಜಿನ ಹಿಂದೆ ಅಧಿಕಾರಿಯೇ ಕೂರುತ್ತಿದ್ದರು. ಹೆಸರು ಕೂಗಿದಾಗ ಮುಂದೆ ಬಂದು ಸೆಲ್ಯೂಟ್, ನಂಬರ್ ಹೇಳುವುದು, ಪಟ್ಟಿಯಲ್ಲಿ ಸಹಿ, ನೋಟು ಅವರ ಎದುರಿಗೇ ಎಣಿಸಿಕೊಳ್ಳುವುದು, ಮತ್ತೆ ಸೆಲ್ಯೂಟ್. ಅಧಿಕಾರಿ ಪ್ರತಿಯೊಬ್ಬನ ಮುಖ ನೋಡುತ್ತಿದ್ದರು. "ಮನೆಯಲ್ಲಿ ಹೇಗಿದ್ದಾರೆ? ಅಮ್ಮನಿಗೆ ಎಷ್ಟು ಕಳಿಸುತ್ತೀಯ?" ಅಂತ ಒಂದು ಮಾತು. ಆಗ ಬೇಜಾರಾಗುತ್ತಿತ್ತು, ಬಿಸಿಲಲ್ಲಿ ನಿಂತು ಕಾಲು ನೋವು. ಇಲ್ಲದ ಸೈನಿಕನ ಹೆಸರಿನಲ್ಲಿ ಆ ಮೇಜಿನ ಮುಂದೆ ಯಾರೂ ಬಂದು ನಿಲ್ಲಲು ಸಾಧ್ಯವಿರಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ.

ಮೈದಾನದಲ್ಲಿ ಮುರಿದ ಬೆಂಚಿನ ಮೇಲೆ ಟವಲ್ ಹಾಸಿ ಕೂತೆ. ಹಾಜರಿ ಪುಸ್ತಕದಲ್ಲಿ ಆ ದಿನ 34 ಹೆಸರಿಗೆ ಗುರುತು ಬಿದ್ದಿತ್ತು. ಒಬ್ಬೊಬ್ಬರನ್ನೇ ಕರೆದು ಕೈಗೆ ಒಂದೊಂದು ಹುರಿಗಡಲೆ ಪೊಟ್ಟಣ ಕೊಡುತ್ತಾ ಹೋದೆ. ಕೊನೆಗೆ ಐದು ಪೊಟ್ಟಣ ಉಳಿದವು. ಗೆಳೆಯರ ಪರವಾಗಿ "ಯಸ್ ಸಾರ್" ಅಂದಿದ್ದವರು ತಲೆ ತಗ್ಗಿಸಿ ನಿಂತಿದ್ದರು. ನಾನು ಬೈಯಲಿಲ್ಲ. ಐದು ಪೊಟ್ಟಣಗಳನ್ನು ಬೆಂಚಿನ ಮೇಲೇ ಬಿಟ್ಟು ಮೊಸುಲಿನ ಕಥೆ ಹೇಳಿದೆ.

ಇರಾಕಿನಲ್ಲಿ ಇಂಥ ಹೆಸರುಗಳಿಗೆ ಜನ ಇಟ್ಟಿದ್ದ ಅಡ್ಡಹೆಸರು "ಬಾಹ್ಯಾಕಾಶದವರು". ಭೂಮಿಯ ಮೇಲೆ ಕಾಣುವುದಿಲ್ಲ, ಸಂಬಳದ ಪಟ್ಟಿಯಲ್ಲಿ ಇದ್ದಾರೆ. ಕೆಲವರು ಹುಟ್ಟಾ ಸುಳ್ಳು ಹೆಸರು, ಕೆಲವರು ಸತ್ತವರು ಅಥವಾ ಓಡಿಹೋದವರು. ಇನ್ನು ಕೆಲವರು ಅರ್ಧ ಸಂಬಳವನ್ನು ಮೇಲಧಿಕಾರಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಬೇರೆ ಕೆಲಸ ನೋಡಿಕೊಂಡಿದ್ದವರು. ಊಟ, ನೀರಿನ ದುಡ್ಡೂ ಮೇಲೆಯೇ ಸೋರಿ, ಎಷ್ಟೋ ಕಡೆ ಸಿಪಾಯಿಗಳು ಪೇಟೆಯಿಂದ ತಾವೇ ಕೊಂಡು ತಿನ್ನುತ್ತಿದ್ದರು.

2014ರ ಜೂನ್ 6ರಂದು ಮೊಸುಲ್ ಮೇಲೆ ಐಸಿಸ್ ದಾಳಿ ಶುರುವಾಯಿತು. ಜೂನ್ 10ಕ್ಕೆ ಇರಾಕಿನ ಎರಡನೆಯ ದೊಡ್ಡ ನಗರ ಬಿದ್ದುಹೋಗಿತ್ತು. ದಾಳಿ ಮಾಡಿದವರು ಮೊದಲಿಗೆ ಒಂದೂವರೆ ಸಾವಿರದ ಆಸುಪಾಸು. ನಗರವನ್ನು ಕಾಯಲು ಪಟ್ಟಿಯ ಪ್ರಕಾರ ಇದ್ದವರು ಹತ್ತಾರು ಸಾವಿರ. ಹಿರಿಯ ಅಧಿಕಾರಿಗಳು ನಗರ ಬಿಟ್ಟರೆಂಬ ಸುದ್ದಿ ಹಬ್ಬಿತು. ಆ ಮೇಲೆ ಕೆಳಗಿನವನು ಯಾರಿಗಾಗಿ ನಿಲ್ಲಬೇಕು? ಸಮವಸ್ತ್ರ ಬಿಚ್ಚಿ ಬೀದಿಯಲ್ಲಿ ಎಸೆದು ಹೋದರು. 2003ರ ಏಪ್ರಿಲಿನಲ್ಲಿ ಹಳೆಯ ಸೈನ್ಯ ಮಾಡಿದ್ದೂ ಅದನ್ನೇ. ಎರಡು ದಿನ ಕಳೆದು, ಜೂನ್ 12ರಂದು, ತಿಕ್ರೀತಿನ ಬಳಿ ಸ್ಪೈಖರ್ ನೆಲೆಯಿಂದ ಹೊರಟ ಎಳೆಯ ಕೆಡೆಟ್‌ಗಳನ್ನು ಹಿಡಿದು, ಷಿಯಾಗಳನ್ನು ಆರಿಸಿ ಕೊಂದರು. ಸತ್ತವರ ಲೆಕ್ಕ 1,700ರವರೆಗೂ ಹೋಗುತ್ತದೆ. ನಮ್ಮ ಹೊಂಗೆ ಮರದ ಕೆಳಗೆ ಕೂರುವ ಮಕ್ಕಳ ವಯಸ್ಸಿನವರು ಅವರು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು, ಆವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿದೆ.

ನವೆಂಬರ್ 30ರಂದು ಹೊಸ ಪ್ರಧಾನಿ ಹೈದರ್ ಅಲ್ ಅಬಾದಿ ಸಂಸತ್ತಿನಲ್ಲಿ ಸೈನ್ಯದ ಪಟ್ಟಿಯಲ್ಲಿ 50,000 ಹುಸಿ ಹೆಸರು ಸಿಕ್ಕಿವೆ ಎಂದು ಪ್ರಕಟಿಸಿದರು. ಮೊದಲ ಹಂತದ ತಪಾಸಣೆಯಲ್ಲಿ ಸಿಕ್ಕದ್ದೇ ಅಷ್ಟು.

ಮತ್ತೆ ಮೊಸುಲಿಗೆ

ವಾಪಸು ಹೋಗಿ ಆ ನಗರವನ್ನು ಗೆದ್ದರು. ಅದನ್ನು ಮರೆಯಬಾರದು. 2015ರ ಮೇ ತಿಂಗಳಲ್ಲಿ ಅನ್ಬಾರಿನ ರಮಾದಿ ನಗರವೂ ಬಿದ್ದಿತ್ತು, ಡಿಸೆಂಬರ್ ಕೊನೆಗೆ ಹಿಂದಿರುಗಿತು. 2016ರ ಅಕ್ಟೋಬರ್ 17ಕ್ಕೆ ಹೊರಟ ಮೊಸುಲ್ ಕಾರ್ಯಾಚರಣೆ 2017ರ ಜುಲೈ 10ರ ಗೆಲುವಿನ ಘೋಷಣೆಯವರೆಗೆ ಒಂಬತ್ತು ತಿಂಗಳು ನಡೆಯಿತು. ಮುಂಚೂಣಿಯಲ್ಲಿ ಮನೆ ಮನೆ ಹೊಕ್ಕು ಹೋರಾಡಿದ್ದು ಅದೇ ಭಯೋತ್ಪಾದನಾ ನಿಗ್ರಹ ಪಡೆ, 36ನೆಯ ಬೆಟಾಲಿಯನ್ನಿನ ಸಂತಾನ. ಸುನ್ನಿ, ಷಿಯಾ, ಕುರ್ದ್ ಒಂದೇ ತುಕಡಿಯಲ್ಲಿ ಇದ್ದರು. ಕಪ್ಪು ಸಮವಸ್ತ್ರದ ಆ ಪಡೆಯನ್ನು ಮೊದಲು ಪ್ರಧಾನಿಯ ಸ್ವಂತ ಪಡೆ ಎಂದು ಹೆದರುತ್ತಿದ್ದ ಸುನ್ನಿ ಊರುಗಳೇ ಮೊಸುಲ್ ಕಾಲಕ್ಕೆ ಅದನ್ನು ಬರಮಾಡಿಕೊಂಡವು. ಅದು ತೆತ್ತ ಬೆಲೆ ಭಾರಿ. ಗಾಯ, ಸಾವು ಸೇರಿ ಪಡೆಯ ಎಷ್ಟೋ ಬೆಟಾಲಿಯನ್ನುಗಳು ಅರ್ಧಕ್ಕೆ ಇಳಿದವು.

ಇಲ್ಲಿಯೂ ಒಂದು ತೊಡಕು ಉಳಿಯಿತು. 2014ರ ಜೂನ್ 13ರಂದು ಹಿರಿಯ ಷಿಯಾ ಧರ್ಮಗುರು ಅಲಿ ಅಲ್ ಸಿಸ್ತಾನಿ ಅವರ ಕರೆಯ ಮೇರೆಗೆ ಸಾವಿರಾರು ಯುವಕರು ಆಯುಧ ಹಿಡಿದರು. ಸೈನ್ಯ ಇಲ್ಲದಿದ್ದ ಕಡೆ ಬಾಗ್ದಾದನ್ನು ಕಾದವರು ಅವರೇ. ಅವರೊಂದಿಗೆ ಹಳೆಯ ಪಕ್ಷಗಳ ಸಶಸ್ತ್ರ ಗುಂಪುಗಳೂ ಸೇರಿ ಹಷ್ದ್ ಎಂಬ ಪಡೆಯಾಯಿತು. 2016ರ ನವೆಂಬರಿನಲ್ಲಿ ಸಂಸತ್ತು ಅದಕ್ಕೆ ಕಾನೂನಿನ ಮುದ್ರೆ ಒತ್ತಿತು. 2005ರ ಸಂವಿಧಾನದ 9ನೆಯ ವಿಧಿ ಸೈನ್ಯದ ಹೊರಗೆ ಸಶಸ್ತ್ರ ಪಡೆ ಕಟ್ಟುವುದನ್ನು ನಿಷೇಧಿಸುತ್ತದೆ. ಸೈನ್ಯದಲ್ಲಿ ಎಲ್ಲ ಜನವರ್ಗಗಳಿಗೂ ಸಮತೂಕದ ಪಾಲಿರಬೇಕು ಎಂದು ಹೇಳುವುದೂ ಅದೇ ವಿಧಿ. ಉತ್ತರದಲ್ಲಿ ಕುರ್ದರ ಸ್ವಂತ ಪಡೆ ಪೆಶ್‌ಮರ್ಗಾ ಬೇರೆಯೇ ಇದೆ. ಮೊಸುಲ್ ಗೆದ್ದು ಮೂರು ತಿಂಗಳಿಗೆ, 2017ರ ಅಕ್ಟೋಬರ್ 16ರಂದು, ಕಿರ್ಕೂಕಿನಲ್ಲಿ ಇರಾಕಿ ಪಡೆಗಳೂ ಪೆಶ್‌ಮರ್ಗಾವೂ ಎದುರುಬದುರಾದವು. ಮೊಸುಲ್ ಕಾರ್ಯಾಚರಣೆಯಲ್ಲಿ ಒಂದೇ ಪಕ್ಕದಲ್ಲಿದ್ದವರು.

ಕೊನೆಯ ಭಾನುವಾರದ ಲೆಕ್ಕ

ಕೊನೆಯ ದಿನ ಮಕ್ಕಳಿಗೆ ಎಲ್ಲಿ ತಪ್ಪಿತು ಅಂತ ಬರೆಯಲು ಹೇಳಿದೆ. ಮಾಲೂರಿನ ಹುಡುಗಿಯೊಬ್ಬಳು, ಸೇನಾ ಪೊಲೀಸ್ ಭರ್ತಿಗೆ ತಯಾರಾಗುತ್ತಿರುವವಳು, ಸಹ್ವಾಗೆ ಕೊಟ್ಟ ಮಾತು ಮುರಿದದ್ದೇ ದೊಡ್ಡ ತಪ್ಪು ಎಂದು ಬರೆದಳು. ಮೊದಲ ತಪ್ಪು ಗೊತ್ತಿಲ್ಲದೆ ಆದದ್ದು, ಎರಡನೆಯದು ಗೊತ್ತಿದ್ದೂ ಮಾಡಿದ್ದು ಅಂತ ಅವಳ ವಾದ. ನಾನು ಅದಕ್ಕೆ ಹೆಚ್ಚು ಅಂಕ ಕೊಟ್ಟೆ. ನನ್ನ ಮನಸ್ಸು ಮಾತ್ರ ಇನ್ನೂ ಮೇ 23ರ ಕಡೆಗೇ ಎಳೆಯುತ್ತದೆ.

ಕೆಜಿಎಫ್ ಹುಡುಗ ಬರೆದಿದ್ದು ಒಂದೇ ಸಾಲು, ಅದೂ ಪ್ರಶ್ನೆ: "ಅವರೆಲ್ಲರಿಗೂ ಸಂಬಳ ಕೊಟ್ಟು ಕೂರಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಸಾರ್?"

ಬರೀ ಸಂಬಳದಿಂದ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ನಂಬುವುದಿಲ್ಲ. ಹಲಬ್ಜಾದ ನೆನಪು ದುಡ್ಡಿನಿಂದ ಅಳಿಯುವಂಥದ್ದಲ್ಲ. ಆದರೂ ಪ್ರಶ್ನೆ ನ್ಯಾಯವಾಗಿತ್ತು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದೆವು. ಜನ 3,85,000. ಆಮೇಲೆ ಕೊಡಲು ಒಪ್ಪಿದ ಮಾಸಾಶನ 50ರಿಂದ 150 ಡಾಲರ್, ಸರಾಸರಿ 100 ಅಂತಲೇ ಹಿಡಿಯೋಣ. ತಿಂಗಳಿಗೆ 3 ಕೋಟಿ 85 ಲಕ್ಷ ಡಾಲರ್. 2003ರಿಂದ 2011ರವರೆಗೆ ಹೊಸ ಪಡೆಗಳ ತರಬೇತಿಗೆ, ಆಯುಧಕ್ಕೆ ಅಮೆರಿಕ ಸುರಿದದ್ದು 2,000 ಕೋಟಿ ಡಾಲರಿಗೂ ಹೆಚ್ಚು.

ಭಾಗಾಕಾರ ಅವನೇ ಮಾಡಿದ. 519 ತಿಂಗಳು ಬಂತು. ನಂಬಿಕೆ ಬರದೆ ಸುಣ್ಣ ಅಳಿಸಿ ಇನ್ನೊಮ್ಮೆ ಮಾಡಿದ, ಅಷ್ಟೇ ಬಂತು. ಹನ್ನೆರಡರಿಂದ ಭಾಗಿಸಿ ಪಕ್ಕದಲ್ಲಿ 43 ವರ್ಷ ಅಂತ ಬರೆದು, ಕೈಯ ಸುಣ್ಣ ಒರೆಸಿಕೊಳ್ಳದೆ ಅದನ್ನೇ ನೋಡುತ್ತಾ ನಿಂತಿದ್ದ.